ಹಾಜರಿ ಪುಸ್ತಕದಲ್ಲಿ ಕಾಣದ ಮನಸ್ಸು

ಮಳೆ ಕೈಕೊಟ್ಟ ವರ್ಷ ರಾಯಚೂರು ಸೀಮೆಯ ಹಳ್ಳಿ ಶಾಲೆಗಳಲ್ಲಿ ಹಾಜರಿ ಕೂಗುವಾಗ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ‘ಗುಳೆ ಹೋಗ್ಯಾನ್ರೀ ಸರ’ ಎಂದು ಪಕ್ಕದ ಹುಡುಗ ಹೇಳುತ್ತಾನೆ. ಮಾಸ್ತರರು ಗೀಟು ಎಳೆದು ಮುಂದಿನ ಹೆಸರಿಗೆ ಹೋಗುತ್ತಾರೆ. ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳಿಂದ ಬೆಂಗಳೂರು, ಹೈದರಾಬಾದು, ಪುಣೆಗಳ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳ ಮಕ್ಕಳು ಹೀಗೆ ಹಾಜರಿ ಪುಸ್ತಕದಲ್ಲಿ ಗೀಟುಗಳಾಗಿ ಉಳಿಯುತ್ತಾರೆ. ಹೋದವರ ಲೆಕ್ಕವಾದರೂ ಸಿಗುತ್ತದೆ. ಅಪ್ಪ ಅವ್ವನನ್ನು ಬಸ್ಸಿಗೆ ಹತ್ತಿಸಿ, ಅಜ್ಜಿಯ ಜೊತೆ ಊರಲ್ಲೇ ಉಳಿದು, ತಮ್ಮ ತಂಗಿಯರಿಗೆ ರೊಟ್ಟಿ ಬಡಿದು ಶಾಲೆಗೆ ಬರುವ ಹದಿಮೂರು ವರ್ಷದ ಹುಡುಗಿಯ ಸಂಗತಿ ಬೇರೆ. ಅವಳು ಹಾಜರಿರುತ್ತಾಳೆ. ಅವಳ ಮನಸ್ಸು ಹೇಗಿದೆ ಎಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ.

ರಾಯಚೂರು ತಾಲ್ಲೂಕಿನ ಯಾಪಲದಿನ್ನಿ ಇಂಥ ಸೀಮೆಯ ಊರು. ದಿನ್ನಿ ಎಂದರೆ ದಿಬ್ಬ. ಹೆಸರಿನ ಕೊನೆಗೆ ದಿನ್ನಿ ಹೊತ್ತ ಹಳ್ಳಿಗಳು ಈ ಜಿಲ್ಲೆಯಲ್ಲಿ ಹಲವು. ತೆಲಂಗಾಣದ ಗಡಿ ಹತ್ತಿರವಾದ್ದರಿಂದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿನ ಮಕ್ಕಳಿಗೆ ಹೊಸತಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದಾಗ ರಾಯಚೂರು ಜಿಲ್ಲೆಯದು ಶೇಕಡಾ 60ನ್ನು ಮುಟ್ಟಿರಲಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿತ್ತು. ಶಾಲೆ ಕಟ್ಟುವುದು, ಶಿಕ್ಷಕರನ್ನು ನೇಮಿಸುವುದು, ಬಿಸಿಯೂಟ ಕೊಡುವುದು, ಇವೇ ಹೋರಾಟಗಳಾಗಿರುವ ನೆಲದಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ಮಾತೆತ್ತಿದರೆ ಅದು ಪಟ್ಟಣದವರ ಶೋಕಿ ಎನಿಸಬಹುದು. ಆದರೆ ಶಾಲೆಗೂ ಮಗುವಿನ ನೋವಿಗೂ ಸಂಬಂಧವಿದೆ ಎಂಬ ವಿಚಾರ ರಾಯಚೂರಿಗೆ ಹೊರಗಿನಿಂದ ಬಂದದ್ದಲ್ಲ. ಅದಕ್ಕೆ ಇಲ್ಲಿ ನೂರು ವರ್ಷದ ಹಳೆಯ ಗುರುತೊಂದಿದೆ.

ನೋವಿನ ಹೆಸರಿನ ಶಾಲೆ

ಮಂಗಳೂರಿನಲ್ಲಿ ಹುಟ್ಟಿ, ನಿಜಾಮರ ಸೀಮೆಗೆ ಬಂದು ನೆಲೆಸಿದ ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಒಂದು ಶಾಲೆ ಕಟ್ಟಿದರು. ಅವರು ವೈದ್ಯರೂ ಹೌದು, ಶಿಕ್ಷಕರೂ ಹೌದು. ಆ ಶಾಲೆಗೆ ಅವರಿಟ್ಟ ಹೆಸರು ‘ಹಮ್‌ದರ್ದ್’. ಪಾರಸಿಯಲ್ಲಿ ‘ದರ್ದ್’ ಎಂದರೆ ನೋವು, ‘ಹಮ್’ ಎಂದರೆ ಜೊತೆ. ನೋವಿನಲ್ಲಿ ಜೊತೆಯಾದವನು ಹಮ್‌ದರ್ದ್. ರಾಜರ ಹೆಸರು, ದೇವರ ಹೆಸರು, ದಾನಿಗಳ ಹೆಸರು ಹೊತ್ತ ಶಾಲೆಗಳು ನಾಡಿನ ತುಂಬ ಇವೆ. ನೋವಿನ ಹೆಸರು ಹೊತ್ತ ಶಾಲೆ ಅಪರೂಪ. ಹಿಂದೂ ಮುಸ್ಲಿಂ ಮಕ್ಕಳು ಒಂದೇ ಕಡೆ ಕೂತು ಕಲಿಯಬೇಕೆಂಬುದು ತಾರಾನಾಥರ ಆಶಯವಾಗಿತ್ತು. ಅವರು ನಿಜಾಮ ಸರ್ಕಾರದ ಕೆಂಗಣ್ಣಿಗೆ ಗುರಿಯಾದರು. ರಾಯಚೂರು ಬಿಟ್ಟು ತುಂಗಭದ್ರೆಯ ಆಚೆ ದಡದಲ್ಲಿ ‘ಪ್ರೇಮಾಯತನ’ ಆಶ್ರಮ ಕಟ್ಟಿಕೊಂಡರು. 1942ರಲ್ಲಿ ತೀರಿಕೊಂಡರು. ಶಾಲೆ ಉಳಿಯಿತು, ಅವರ ಹೆಸರಿನ ಶಿಕ್ಷಣ ಸಂಸ್ಥೆ ಮುಂದೆ ಕಾಲೇಜನ್ನೂ ಕಟ್ಟಿತು.

ಆ ಕಾಲದ ರಾಯಚೂರಿನ ಮಗುವಿನ ಸ್ಥಿತಿಯನ್ನು ನೆನೆಯಬೇಕು. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುತ್ತಿದ್ದ ಹುಡುಗ ಶಾಲೆಯ ಹೊಸ್ತಿಲು ದಾಟಿದೊಡನೆ ಮೂಕನಾಗುತ್ತಿದ್ದ. ತನ್ನ ಸಂಕಟವನ್ನು ಹೇಳಿಕೊಳ್ಳುವ ಭಾಷೆಯೇ ಶಾಲೆಯದಲ್ಲ ಎಂದಾದರೆ ಆ ಸಂಕಟವನ್ನು ಕೇಳುವವರು ಯಾರು? ಗಡಿನಾಡಿನ ಶಾಲೆಗಳಲ್ಲಿ ಈ ಪ್ರಶ್ನೆ ಭಾಷೆ ಬದಲಿಸಿಕೊಂಡು ಇಂದಿಗೂ ಕೂತಿದೆ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಕನ್ನಡ ನಾಡಿನ ಬೇರೆ ಭಾಗಗಳಲ್ಲಿ ಮಗುವಿನ ಮನಸ್ಸನ್ನು ಶಾಸ್ತ್ರವಾಗಿ ಓದುವ ಕೆಲಸ ಶುರುವಾಗಿತ್ತು. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರವನ್ನು ಆರಂಭಿಸಿದವರು ಎಂಬುದು ಹೆಚ್ಚಿನವರಿಗೆ ಗೊತ್ತು. ಅವರ ಮೂಲ ವೃತ್ತಿ ಮನಸ್ಸಿನ ಅಧ್ಯಯನ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮುಂಬಯಿ ಕರ್ನಾಟಕದ ಕಡೆ ವಿ.ವಿ. ಕಾಮತರು 1930ರ ದಶಕದಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆಯ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ಬಳಕೆಯಾಯಿತು.

ಬಿನೆ 1905ರಲ್ಲಿ ಪ್ಯಾರಿಸಿನಲ್ಲಿ ತನ್ನ ಪರೀಕ್ಷೆ ರಚಿಸಿದ್ದು ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯ ಪಾಠ ಸಿಗಲೆಂದು. ಕೈಗೆ ಸಿಕ್ಕ ಅಳತೆಗೋಲನ್ನು ಲೋಕ ಬಳಸಿದ್ದು ಹೆಚ್ಚಾಗಿ ಮಕ್ಕಳಿಗೆ ಹಣೆಪಟ್ಟಿ ಅಂಟಿಸಲು. ದಡ್ಡ ಎಂಬ ಮಾತು ಹಳ್ಳಿ ಶಾಲೆಗೆ ಯಾವ ಪರೀಕ್ಷೆಯ ನೆರವೂ ಇಲ್ಲದೆ ಮೊದಲೇ ಬಂದಿತ್ತೆನ್ನಿ. ಹಿಂದಿನ ಬೆಂಚಿನ ಹುಡುಗನಿಗೆ ಕಲಿಯುವ ಶಕ್ತಿ ಕಡಿಮೆಯೋ, ಕಣ್ಣು ಮಂಜೋ, ಹೊಟ್ಟೆ ಹಸಿದಿದೆಯೋ, ಮನೆಯಲ್ಲಿ ರಾತ್ರಿಯೆಲ್ಲ ಜಗಳವೋ ಎಂದು ವಿಂಗಡಿಸಿ ನೋಡುವ ಅಭ್ಯಾಸ ಮಾತ್ರ ಬರಲಿಲ್ಲ.

ಸದ್ದಿಲ್ಲದ ಮಗು

ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಗೋಡೆಯೊಳಗೆ ಕೂತು ರೋಗಿಗಳು ಬರಲೆಂದು ಕಾಯುವುದರಿಂದ ದೇಶದ ಕಷ್ಟ ತೀರದು ಎಂದು ಅಲ್ಲಿನ ತಜ್ಞರಿಗೆ ಬೇಗನೆ ಮನವರಿಕೆಯಾಯಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಮಾಡುವ ಕೇಂದ್ರ ಬಂತು. 1978ರ ಹೊತ್ತಿಗೆ ಡಾ. ಮಾಳವಿಕಾ ಕಪೂರ್ ಮತ್ತು ಸಂಗಡಿಗರು ಶಾಲಾ ಶಿಕ್ಷಕರನ್ನು ಕೂರಿಸಿಕೊಂಡು ಮಕ್ಕಳ ಭಾವನೆಗಳ ತೊಂದರೆಗಳನ್ನು ಗುರುತಿಸುವ ತರಬೇತಿ ಕೊಡತೊಡಗಿದರು. ಎರಡು ದಶಕದ ಈ ಅನುಭವದ ಹಿನ್ನೆಲೆಯಲ್ಲಿ ಕಪೂರ್ ಅವರು 1997ರಲ್ಲಿ ಭಾರತದ ಶಾಲೆಗಳ ಮಾನಸಿಕ ಆರೋಗ್ಯದ ಬಗ್ಗೆ ಪುಸ್ತಕವನ್ನೇ ಬರೆದರು.

ತರಬೇತಿ ಏಕೆ ಬೇಕು? ದಿನವೂ ಆರು ತಾಸು ಮಕ್ಕಳೊಂದಿಗೆ ಇರುವ ಮಾಸ್ತರರಿಗೆ ಮಕ್ಕಳು ಗೊತ್ತಿಲ್ಲವೇ? ಅಮೆರಿಕದ ವಿಕ್‌ಮನ್ ಎಂಬಾತ 1928ರಲ್ಲೇ ಇದಕ್ಕೆ ಸಂಬಂಧಿಸಿದ ಕುತೂಹಲದ ಸಂಗತಿಯೊಂದನ್ನು ಪ್ರಕಟಿಸಿದ್ದ. ಮಕ್ಕಳ ಯಾವ ನಡವಳಿಕೆ ಗಂಭೀರ ಎಂದು ಶಿಕ್ಷಕರನ್ನು ಕೇಳಿದಾಗ ಅವರು ಕಳ್ಳತನ, ಸುಳ್ಳು, ಎದುರುತ್ತರ, ಗಲಾಟೆಗಳನ್ನು ಮೊದಲು ಹೇಳಿದರು. ಅದೇ ಪಟ್ಟಿಯನ್ನು ಮನಸ್ಸಿನ ತಜ್ಞರ ಮುಂದಿಟ್ಟಾಗ ಅವರು ಬೊಟ್ಟು ಮಾಡಿದ್ದು ಮಂಕಾಗಿ ಕೂರುವ, ಯಾರೊಂದಿಗೂ ಬೆರೆಯದ, ಎಲ್ಲಕ್ಕೂ ಅಂಜುವ ಮಗುವಿನ ಕಡೆಗೆ. ಐವತ್ತು ಅರವತ್ತು ಮಕ್ಕಳ ತರಗತಿಯನ್ನು ನಿಭಾಯಿಸುವವರಿಗೆ ಗದ್ದಲ ಮಾಡುವ ಹುಡುಗನೇ ತಲೆನೋವು. ಸದ್ದಿಲ್ಲದೆ ಕೂತ ಹುಡುಗಿ ‘ಒಳ್ಳೆ ಹುಡುಗಿ’. ಅವಳು ಏಕೆ ಸದ್ದಿಲ್ಲದೆ ಕೂತಿದ್ದಾಳೆ ಎಂದು ಕೇಳಲು ಪುರುಸೊತ್ತಾಗಲಿ ಕಾರಣವಾಗಲಿ ಸಿಗುವುದಿಲ್ಲ.

ಇನ್ನೊಂದು ತೊಡಕು ಮಾತಿನದು. ‘ಖಿನ್ನತೆ’, ‘ಆತಂಕ’ ಎಂಬ ಪದಗಳನ್ನು ಹಳ್ಳಿಯ ಹುಡುಗರು ಆಡುವುದಿಲ್ಲ. ಈ ಸೀಮೆಯಲ್ಲಿ ಸಂಕಟ ಬೇರೆ ಹೆಸರುಗಳಲ್ಲಿ ಬರುತ್ತದೆ. ‘ಜೀವ ಬ್ಯಾಸರಾಗೇದ’, ‘ಎದಿ ಹೊಡಕೊಳ್ತದ’, ‘ಮನಸಿಗೆ ಹಚ್ಚಿಕೊಂಡಾಳ’ ಎನ್ನುತ್ತಾರೆ. ಎಷ್ಟೋ ಸಲ ಅದು ಬರೀ ಹೊಟ್ಟೆನೋವು, ತಲೆಶೂಲೆ. ಪರೀಕ್ಷೆಯ ದಿನ, ಅಪ್ಪ ಕುಡಿದು ಬಂದ ಮರುದಿನ, ಮದುವೆ ಮಾತುಕತೆ ನಡೆದ ವಾರ ಅದು ಕಾಣಿಸಿಕೊಳ್ಳುತ್ತದೆ. ಹುಡುಗಿಯೊಬ್ಬಳು ತರಗತಿಯಲ್ಲಿ ಮೂರ್ಛೆ ಹೋದರೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಗುಡಿಗೂ ದರ್ಗಾಕ್ಕೂ ಕರೆದೊಯ್ಯುತ್ತಾರೆ. ಇದನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಆ ಹುಡುಗಿಯ ಕಡೆ ಮನೆಯವರೆಲ್ಲ ತಿರುಗಿ ನೋಡಿದ ಮೊದಲ ದಿನ ಅದೇ ಆಗಿರಬಹುದು. ಹೊಟ್ಟೆನೋವಿಗೆ ಗುಳಿಗೆ ಕೊಟ್ಟು ಕಳಿಸುವ ಮಾಸ್ತರರಿಗಿಂತ, ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ ಎಂದು ಎಣಿಸುವ ಮಾಸ್ತರರು ರೋಗದ ಹತ್ತಿರ ಬಂದಿರುತ್ತಾರೆ.

ಹದಿಹರೆಯಕ್ಕೆ ಇಷ್ಟು ಒತ್ತು ಏಕೆಂದರೆ, ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳ ಅರ್ಧದಷ್ಟು 14 ವರ್ಷದೊಳಗೇ ತಲೆಯೆತ್ತುತ್ತವೆ ಎಂದು ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ಹೇಳಿತು. ನಿಮ್ಹಾನ್ಸ್ ಮುಂದಾಳ್ತನದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆಗಳಿವೆ ಎಂದಿತು. ನಲವತ್ತು ಮಕ್ಕಳ ತರಗತಿಗೆ ಸುಮಾರು ಮೂವರು. ಕರ್ನಾಟಕ ಆ 12ರಲ್ಲಿ ಇರಲಿಲ್ಲ. ಮನೋವೈದ್ಯರ ಸಂಖ್ಯೆಯೋ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬರಿಗಿಂತ ಕಡಿಮೆ. ಮೂವರ ಲೆಕ್ಕ ಶಾಲೆಗೇ ಬರಬೇಕಾದದ್ದು ಹೀಗೆ.

ಬಳ್ಳಾರಿಯ ದಾರಿ

ರಾಯಚೂರಿನ ನೆರೆಯ ಬಳ್ಳಾರಿ ಈ ಚರಿತ್ರೆಯಲ್ಲಿ ದೊಡ್ಡ ಹೆಸರು. 1982ರಲ್ಲಿ ಭಾರತ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪಿಸಿತು. ಕಾಗದದ ಮೇಲಿನ ಆ ಯೋಜನೆ ಒಂದು ಇಡೀ ಜಿಲ್ಲೆಯಲ್ಲಿ ನಡೆದೀತೇ ಎಂದು 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪರೀಕ್ಷಿಸಿ ನೋಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ, ಔಷಧ ಕೊಡುವ ತರಬೇತಿ ಸಿಕ್ಕಿತು. ‘ಬಳ್ಳಾರಿ ಮಾದರಿ’ ಎಂದು ಅದು ಹೆಸರಾಯಿತು. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಶಾಲೆ ಅದರೊಳಗೆ ಅಧಿಕೃತವಾಗಿ ಸೇರಿದ್ದು ಮಾತ್ರ ತಡವಾಗಿ, ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ.

ಅಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ‘ಜೀವನ ಕೌಶಲ’ ಎಂಬ ಮಾತನ್ನು ಬಳಕೆಗೆ ತಂದಿತ್ತು. ನಿರ್ಧಾರ ತೆಗೆದುಕೊಳ್ಳುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು, ಬೇಡವೆಂದು ಹೇಳಲು ಕಲಿಯುವುದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು, ಇವೂ ಸೈಕಲ್ ಹೊಡೆದಂತೆ ಮಾಡಿ ಕಲಿಯುವ ವಿದ್ಯೆಗಳು ಎಂಬುದು ಇದರ ತಿರುಳು. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಇದನ್ನು ಕರ್ನಾಟಕದ ಪ್ರೌಢಶಾಲೆಗೆ ಹೊಂದಿಸಿದರು. ಉಪನ್ಯಾಸವಿಲ್ಲ. ಮಕ್ಕಳೇ ಗುಂಪಾಗಿ ಕೂತು ಒಂದು ಸನ್ನಿವೇಶವನ್ನು ಚರ್ಚಿಸುತ್ತಾರೆ, ಆಡಿ ತೋರಿಸುತ್ತಾರೆ. ನಡೆಸುವವರು ಅದೇ ಶಾಲೆಯ ಶಿಕ್ಷಕರು.

ಫಲವೇನು? ಈ ತರಬೇತಿ ನಡೆದ ಎರಡು ಶಾಲೆಗಳ 605 ಮಕ್ಕಳನ್ನು, ನಡೆಯದ ನೆರೆಯ ಶಾಲೆಗಳ 423 ಮಕ್ಕಳೊಂದಿಗೆ ಒಂದು ವರ್ಷದ ನಂತರ ಹೋಲಿಸಿ 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಪ್ರಾಮಾಣಿಕವಾಗಿದೆ. ತರಬೇತಿ ಪಡೆದವರಲ್ಲಿ ಆತ್ಮಗೌರವ ಹೆಚ್ಚಿತ್ತು. ಕಷ್ಟ ಬಂದರೆ ಎದುರಿಸಬಲ್ಲೆ ಎಂಬ ಧೈರ್ಯವಿತ್ತು. ಶಿಕ್ಷಕರೊಂದಿಗೆ, ಶಾಲೆಯೊಂದಿಗೆ ಹೊಂದಾಣಿಕೆ ಸುಧಾರಿಸಿತ್ತು. ಆದರೆ ಮನೆಯೊಂದಿಗಿನ ಹೊಂದಾಣಿಕೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮನೋರೋಗದ ಲಕ್ಷಣಗಳಲ್ಲೂ ಕಾಣಲಿಲ್ಲ. ಎಲ್ಲರೂ ಮೊದಲಿನ ಸಾಲುಗಳನ್ನು ಎತ್ತಿ ಹೇಳುತ್ತಾರೆ. ಬಡ ಮಕ್ಕಳ ಮಟ್ಟಿಗೆ ಕೊನೆಯ ಸಾಲುಗಳೇ ಮುಖ್ಯ. ಶಾಲೆ ಶಾಲೆಯೊಳಗಿನ ಗಾಳಿಯನ್ನು ಬದಲಿಸಬಲ್ಲದು; ಸಂಜೆ ಐದರ ನಂತರ ಮಗು ಮರಳುವ ಗುಡಿಸಲಿನ ಸಾಲವನ್ನಲ್ಲ.

ಇದಕ್ಕಿಂತ ಕೆಣಕುವ ಉತ್ತರ ಬಂದದ್ದು ಬಿಹಾರದಿಂದ. ನಳಂದಾ ಜಿಲ್ಲೆಯ 74 ಸರ್ಕಾರಿ ಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಯಿತು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮದ ಹೊಣೆಯನ್ನು ಶಿಕ್ಷಕರಿಗೆ ಕೊಟ್ಟರು. ಇನ್ನು ಕೆಲವಕ್ಕೆ ಸಾಧಾರಣ ಓದಿನ, ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರನ್ನು ತರಬೇತಿ ಕೊಟ್ಟು ‘ಮಿತ್ರ’ರೆಂದು ನೇಮಿಸಿದರು. ಗೋಡೆಪತ್ರಿಕೆ, ಹೆಸರು ಹಾಕದೆ ಕಷ್ಟ ಬರೆದು ಹಾಕುವ ಡಬ್ಬಿ, ಮಕ್ಕಳ ಗುಂಪುಗಳು, ಬೇಕಾದವರಿಗೆ ಒಬ್ಬೊಬ್ಬರಾಗಿ ಸಲಹೆ, ಇವೆಲ್ಲ ಎರಡೂ ಕಡೆ ಒಂದೇ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿ, ಖಿನ್ನತೆಯ ಲಕ್ಷಣಗಳೂ ಮಕ್ಕಳು ಒಬ್ಬರನ್ನೊಬ್ಬರು ಪೀಡಿಸುವುದೂ ಇಳಿದವು. ಶಿಕ್ಷಕರು ನಡೆಸಿದ ಶಾಲೆಗಳು ಈ ಕಾರ್ಯಕ್ರಮವಿಲ್ಲದ ಶಾಲೆಗಳಂತೆಯೇ ಉಳಿದವು.

ಇದರಿಂದ ಶಿಕ್ಷಕರನ್ನು ದೂರುವುದು ಅನ್ಯಾಯ. ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕಗಳ ನಡುವೆ ಪಠ್ಯ ಮುಗಿಸುವವರ ತಲೆಗೆ ಇನ್ನೊಂದು ಹೊರೆ ಹೊರಿಸಿದರೆ ಅದು ಕಾಗದದಲ್ಲಷ್ಟೇ ನಡೆಯುತ್ತದೆ. ಅಲ್ಲದೆ ಅಂಕ ಕೊಡುವವರ ಮುಂದೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಬೇಡವೆಂದ ಮೇಲೂ ಅಲ್ಲಲ್ಲಿ ಬೆತ್ತ ಹಿಡಿಯುವವರ ಮುಂದೆ, ಮಗು ಮನಸ್ಸು ಬಿಚ್ಚುವುದು ಕಷ್ಟ. ಬೆಂಗಳೂರಿನ ಅಧ್ಯಯನ ಶಿಕ್ಷಕರಿಂದ ಆಗುತ್ತದೆ ಎಂದಿತು, ಬಿಹಾರದ್ದು ಆಗುವುದಿಲ್ಲ ಎಂದಿತು. ನಡುವಿನ ವ್ಯತ್ಯಾಸ ಬಹುಶಃ ತರಬೇತಿಯ ಬೆನ್ನಿಗೆ ನಿಂತವರಲ್ಲಿ, ಶಿಕ್ಷಕರಿಗೆ ಸಿಕ್ಕ ಬಿಡುವಿನಲ್ಲಿ ಇರಬೇಕು.

ಗುಟ್ಟು ಮತ್ತು ಕಾನೂನು

ಮಗು ಮನಸ್ಸು ಬಿಚ್ಚಿದ ಮೇಲೆ ಏನು? ಎಂಟನೇ ತರಗತಿಯ ಹುಡುಗಿ ತನ್ನ ಮದುವೆ ಗೊತ್ತಾಗಿದೆ ಎಂದು ಹೇಳಿದರೆ ಅದು ಸಲಹೆಯಿಂದ ಮುಗಿಯುವ ಸಂಗತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 21ಕ್ಕೂ ಹೆಚ್ಚು ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು. ರಾಯಚೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹ ತಡೆಗೆ 2011ರಲ್ಲಿ ವರದಿ ಕೊಟ್ಟಿತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎನ್ನುವ ತಿದ್ದುಪಡಿಯನ್ನು ಕರ್ನಾಟಕ 2016ರಲ್ಲಿ ಮಾಡಿಕೊಂಡಿತು. ಲೈಂಗಿಕ ಕಿರುಕುಳದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಗುಟ್ಟು ಕಾಯುತ್ತೇನೆಂದು ಮಗುವಿಗೆ ಮಾತು ಕೊಟ್ಟ ಮಾಸ್ತರರು ಇಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತಾರೆ. ಆದ್ದರಿಂದಲೇ ಒಳ್ಳೆಯ ತರಬೇತಿಯಲ್ಲಿ ‘ನಿನ್ನ ಜೀವಕ್ಕೆ ಅಪಾಯವಿದ್ದರೆ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ’ ಎಂದು ಮೊದಲೇ ಹೇಳುವುದನ್ನು ಕಲಿಸುತ್ತಾರೆ. 1098 ಮಕ್ಕಳ ಸಹಾಯವಾಣಿ ಇರುವುದು ಇಂಥ ಹೊತ್ತಿಗೆ.

ಅರ್ಜಿ ನಮೂನೆಯೊಂದೇ ಮಗುವನ್ನು ನೋಯಿಸುವುದೂ ಉಂಟು. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಆ ತಾಯಂದಿರ ಮಕ್ಕಳಿಗೆ ಶಾಲೆಗೆ ಸೇರುವಾಗ, ವಿದ್ಯಾರ್ಥಿವೇತನಕ್ಕೆ ಬರೆಯುವಾಗ ‘ತಂದೆಯ ಹೆಸರು’ ಎಂಬ ಗೆರೆಯ ಮುಂದೆ ಪೆನ್ನು ನಿಲ್ಲುತ್ತಿತ್ತು. ತಂದೆಯ ಹೆಸರು ಕಡ್ಡಾಯವೆಂಬ ಕಟ್ಟುಪಾಡನ್ನು ತೆಗೆಯಲು ಹೊರಟಿದ್ದು 2025ರ ಹೊಸ ಮಸೂದೆ. ಮನೋವೈದ್ಯರು ಮಾಡಲಾಗದ ಚಿಕಿತ್ಸೆಯನ್ನು ಕೆಲವೊಮ್ಮೆ ಗುಮಾಸ್ತರು ಮಾಡಬಲ್ಲರು.

ಎಸ್ಸೆಸ್ಸೆಲ್ಸಿಯಲ್ಲಿ 2023-24ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆಗಳ ಕ್ರಮ ಬಂದದ್ದನ್ನೂ ಇದೇ ಸಾಲಿಗೆ ಸೇರಿಸಬೇಕು. ‘ಪೂರಕ ಪರೀಕ್ಷೆ’ ಎಂಬ ಕಳಂಕದ ಹೆಸರು ಹೋಗಿ ಪರೀಕ್ಷೆ ಒಂದು, ಎರಡು, ಮೂರು ಆಯಿತು. 2022ರಲ್ಲಿ ಎನ್‌ಸಿಇಆರ್‌ಟಿ ದೇಶದ 3.79 ಲಕ್ಷ ವಿದ್ಯಾರ್ಥಿಗಳನ್ನು ಕೇಳಿದಾಗ ಶೇಕಡಾ 81 ಮಂದಿ ತಮ್ಮ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶವೇ ಕಾರಣ ಎಂದಿದ್ದರು. ಮನೆಯಲ್ಲಿ ಶಾಲೆ ಮೆಟ್ಟಿಲು ಹತ್ತಿದ ಮೊದಲಿಗನಾದ ಹುಡುಗನಿಗೆ ನಪಾಸಾಗುವುದು ಎಂದರೆ ಗುಳೆಯ ಬಸ್ಸು.

ಈಗ ಯೋಜನೆಗಳಿಗೆ ಕೊರತೆಯಿಲ್ಲ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್, 2014ರಿಂದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’, ನಿಮ್ಹಾನ್ಸ್ ನೆರವಿನ ‘ಯುವ ಸ್ಪಂದನ’ ಇವೆ. 2020ರಲ್ಲಿ ಆಯುಷ್ಮಾನ್ ಭಾರತದಡಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತರಬೇತುಗೊಳಿಸುವ ಯೋಜನೆ ಬಂತು. ಅದರ ಹನ್ನೊಂದು ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. ಆದರೆ ತರಬೇತಾದ ಶಿಕ್ಷಕರಿಗೆ ವರ್ಗವಾದರೆ ಆ ವಿದ್ಯೆ ಅವರೊಂದಿಗೇ ಬೇರೆ ತಾಲ್ಲೂಕಿಗೆ ಹೋಗುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ವರ್ಗಾವಣೆ ಎಂಥ ಮಾತೆಂದು ಅಲ್ಲಿನ ಪಾಲಕರಿಗೆ ಗೊತ್ತು. ಇನ್ನು ಮಂಗಳವಾರದ ಕ್ಲಿನಿಕ್ಕಿಗೆ ಹೋಗಬೇಕಾದ ಹುಡುಗಿಯ ಜೊತೆ ಬರಲು ಅಜ್ಜಿ ಒಂದು ದಿನದ ಕೂಲಿ ಬಿಡಬೇಕು.

2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮನಸ್’ ಈ ದೂರವನ್ನು ಕಡಿಮೆ ಮಾಡಲು ಬಂದದ್ದು. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು. ಕನ್ನಡ ಬೇಕಾದರೆ ಕನ್ನಡ, ತೆಲುಗು ಬೇಕಾದರೆ ತೆಲುಗು. ಯಾಪಲದಿನ್ನಿಯಂಥ ಊರಿಗೆ ಇದು ಸಣ್ಣ ಅನುಕೂಲವಲ್ಲ. ನಿಜಾಮರ ಕಾಲದ ಮಗುವಿಗೆ ಸಿಗದಿದ್ದ ಸ್ವಂತ ಭಾಷೆ ಇಲ್ಲಿದೆ. ಫೋನು ಮಾತ್ರ ಹೆಚ್ಚಿನ ಮನೆಗಳಲ್ಲಿ ಅಪ್ಪನದು. ಗುಳೆ ಹೋಗುವಾಗ ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾನೆ. ಊರಲ್ಲಿ ಉಳಿದವಳು ಆ ಸಂಖ್ಯೆಯನ್ನು ಒತ್ತಬೇಕಾದರೆ ಮೊದಲು ಯಾರದಾದರೂ ಮನೆಗೆ ಹೋಗಿ ಫೋನು ಕೇಳಬೇಕು, ಏಕೆಂದು ಹೇಳಬೇಕು. ಹಾಗೆ ಕೇಳಲು ಅವಳಿಗೆ ಹತ್ತಿರವಿರುವ ಜಾಗ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆ.